ಕೆಳಗಿಡುವ ವಿದ್ಯೆ

ಕೊರಿಯೊದಲ್ಲಿ, ಮುಚ್ಚಿದ ಬೇಕರಿಯ ಮಗ್ಗುಲಿಗೆ
ತಗಡಿನ ಸೂರಿನ ಒಂದು ನೆರೆಮನೆ.
ಫಲಕದ ಮೇಲೆ ಅದರ ಹೆಸರೇ ಹಾಗಿದೆ,
ಯಾರ ಪಕ್ಕದ್ದೂ ಅಲ್ಲದ ನೆರೆಮನೆ.
ಮಂಗಳವಾರ ಹತ್ತಕ್ಕೆ ತೆರೆಯುತ್ತದೆ.
ಅದಕ್ಕೂ ಮೊದಲೇ ತಳ್ಳುಗಾಡಿಗಳು
ಸಮುದ್ರದ ಗಾಳಿಗೆ ಬೆನ್ನು ಕೊಟ್ಟು ನಿಂತಿರುತ್ತವೆ.

ಮೂರು ವಾರ ಎದುರು ಬದಿಯಲ್ಲೇ ನಿಂತು ಹಿಂದಿರುಗಿದೆ.
ಒಳಗೆ ಹೋದರೆ ಬರೆದುಕೊಳ್ಳುತ್ತಾರೆ,
ಬರೆದುಕೊಂಡರೆ ಮನೆಗೆ ಬರುತ್ತಾರೆ,
ಬಂದರೆ ಒಯ್ಯುತ್ತಾರೆ.
ನಾಲ್ಕನೆಯ ವಾರ ಮಳೆ ಬಂತು, ಅಷ್ಟೆ.
ಅದನ್ನು ಧೈರ್ಯ ಎನ್ನಲಾರೆ.

ಗ್ಲೆನಿಸ್ ಏನನ್ನೂ ಬರೆದುಕೊಳ್ಳಲಿಲ್ಲ.
‘ಸಕ್ಕರೆ ಎಷ್ಟು?’ ಎಂದಳು.

ದುಂಡಗೆ ಕುರ್ಚಿಗಳು. ಟಾಲಿಯಾಗೆ ಹತ್ತೊಂಬತ್ತು,
ಅವಳಿ ಮಕ್ಕಳು, ಎರಡು ಬೇರೆ ಬೇರೆ ಚಪ್ಪಲಿ.
ನೋ ಏ ಪೋ ಹೇಳುವುದು ಫೋನಿನೊಳಗಿನ
ದುಭಾಷಿಯ ಬಾಯಲ್ಲಿ ತಡವಾಗಿ ಬರುತ್ತದೆ,
ಅವಳ ಅಳು ಮಾತ್ರ ಮೊದಲೇ ಬಂದುಬಿಡುತ್ತದೆ.
ಕಾರಿನ ಕಾರ್ಖಾನೆ ಮುಚ್ಚಿದ ಮೇಲೆ
ಸಿಕ್ಕ ಕೆಲಸ, ಸಿಗದ ಕೆಲಸ ಎಂದು ಬದುಕುವ ಡ್ವೇನ್
ಮುಷ್ಟಿಯಿಂದ ಬಾಗಿಲಿಗೆ ತೂತು ಮಾಡಿದ್ದಾನೆ.
ಬಾಗಿಲಿಗೆ, ಎಂದು ಎರಡು ಸಲ ಹೇಳಿದ.
ಯಾರೂ ಕೇಳಿರಲಿಲ್ಲ.

ನನ್ನ ಸರದಿಗೆ ಗಾದೆ ಒಪ್ಪಿಸಿದೆ: ದಂಡಂ ದಶಗುಣಂ.
ಕೋಲಿಗೆ ಹತ್ತು ಗುಣ, ನಮ್ಮ ಕಡೆ ಹಾಗೆ ಅನ್ನುತ್ತಾರೆ.
ನಗಲಿಲ್ಲ ಯಾರೂ. ‘ಹತ್ತೂ ಹೇಳು,’ ಎಂದಳು ಗ್ಲೆನಿಸ್,
ನಿಜಕ್ಕೂ ತಿಳಿಯಬೇಕು ಎಂಬಂತೆ.

ಬೆರಳು ಮಡಚಿದೆ. ಒಂದೂ ನೆನಪಾಗಲಿಲ್ಲ.
ನೆನಪಾದದ್ದು ಅಪ್ಪನ ಗಜಕೋಲು,
ಹಗಲು ಬಟ್ಟೆ ಅಳೆದದ್ದು
ಸಂಜೆ ನಮ್ಮನ್ನು ಅಳೆಯುತ್ತಿತ್ತು.
ಹೊಲಿಗೆ ಯಂತ್ರದ ಕೆಳಗೆ ಅಡಗಿದ ತಮ್ಮ,
ಅವನ ಕಾಲಿಗೆ ಅಂಟಿದ ಕೆಂಪು ದಾರದ ತುಂಡು.
ಹೊಡೆದವನೇ ಆಮೇಲೆ ಎಣ್ಣೆ ಹಚ್ಚುತ್ತಿದ್ದ.
ಅದನ್ನು ಪ್ರೀತಿ ಎನ್ನುತ್ತಿದ್ದೆವು.
ಪ್ರೀತಿಯೂ ಇತ್ತು, ಅದೇ ತೊಡಕು.

ಆಮೇಲೆ ಪ್ಲಾಸ್ಟಿಕ್ ಬೊಂಬೆ ಕೈಯಿಂದ ಕೈಗೆ ಬಂತು.
ಹಾಲಾಯಿತೆ, ಬಟ್ಟೆ ಒಣಗಿದೆಯೆ, ಜ್ವರವಿಲ್ಲವಷ್ಟೆ.
ಎಲ್ಲ ನೋಡಿಯೂ ಅಳು ನಿಲ್ಲದೆ
ನಿನ್ನ ಕೈ ಬಿಗಿಯತೊಡಗಿದರೆ
ಕೆಳಗಿಡು.
ತೊಟ್ಟಿಲಲ್ಲಿ, ಅಂಗಾತ. ಬಾಗಿಲು ಎಳೆದುಕೊ. ಹೊರಗೆ ಹೋಗು.
‘ಹತ್ತು ನಿಮಿಷದ ಅಳುವಿನಿಂದ ಮಗು ಸಾಯುವುದಿಲ್ಲ,’ ಎಂದಳು.
ಉಳಿದರ್ಧ ವಾಕ್ಯವನ್ನು ಹೇಳಲಿಲ್ಲ.
ಡ್ವೇನ್ ಬೊಂಬೆಯನ್ನು ತುಂಬಿದ ಬಟ್ಟಲಿನಂತೆ
ಮೇಜಿನ ಮೇಲಿಟ್ಟು ಬೆವರು ಒರೆಸಿಕೊಂಡ.

ನಮ್ಮಲ್ಲಿ ಎತ್ತಿಕೊಳ್ಳುವುದನ್ನು ಎಲ್ಲರೂ ಕಲಿಸಿದರು.
ಇಳಿಸುವುದನ್ನು ಯಾರು ಕಲಿಸಿದರು?

ಗುರುವಾರ ರಾತ್ರಿ ಎರಡೂ ನಲವತ್ತು.
ಅವರು ಕೋಳಿ ಕಾರ್ಖಾನೆಯ ರಾತ್ರಿಪಾಳಿಯಲ್ಲಿ.
ಚಿತ್ಕಲಾ ಅತ್ತಳು, ಹಾಲು ಉಗಿದು ಅತ್ತಳು,
ಜೋಗುಳಕ್ಕೆ ಅತ್ತಳು, ನನ್ನ ಮೌನಕ್ಕೆ ಅತ್ತಳು.
ಮನೆಯಲ್ಲಿ ಗಜಕೋಲು ಇರಲಿಲ್ಲ,
ಕೈಯೇ ಕೋಲಾಗುತ್ತಿತ್ತು.

ಇಟ್ಟೆ. ಬಾಗಿಲು ಎಳೆದೆ. ಚಿಲಕದ ಸದ್ದು
ಇಡೀ ಬೀದಿಗೆ ಕೇಳಿತೆಂದುಕೊಂಡೆ.

ಕಸದ ಡಬ್ಬಿಯ ಪಕ್ಕ ಸಿಮೆಂಟಿನ ಮೆಟ್ಟಿಲು, ತಣ್ಣಗೆ.
ದೂರದ ಎಣ್ಣೆ ಕಾರ್ಖಾನೆಯ ಕೊಳವೆಯ ತುದಿಗೆ ಬೆಂಕಿ.
ಎಣಿಸಬೇಕಂತೆ. ಇಂಗ್ಲಿಷಿನ ಅಂಕಿಗಳು ಬಾಯಿಗೆ ಬರಲಿಲ್ಲ,
ಬಂದದ್ದು ಮಗ್ಗಿ:
ಹದಿನೇಳೊಂದ್ಲ ಹದಿನೇಳು,
ಹದಿನೇಳೆರಡ್ಲ ಮೂವತ್ತನಾಲ್ಕು...
ಅದೂ ಆ ಕೋಲಿನಿಂದಲೇ ಕಲಿತದ್ದು, ಇರಲಿ.
ಹದಿನೇಳೆಂಟ್ಲ, ಅಲ್ಲೇ ಯಾವಾಗಲೂ ತಪ್ಪುತ್ತಿದ್ದೆ.
ಈಗಲೂ ತಪ್ಪಿತು.
ಕಣ್ಣು ಮುಚ್ಚಿ ಕಾದೆ.
ಏಟು ಬೀಳಲಿಲ್ಲ.

ಟಾಲಿಯಾಗೆ ಮೆಸೇಜು ಹಾಕಿದೆ: ಎಚ್ಚರವಾ?
ಯಾವತ್ತು ಮಲಗಿದ್ದೆ, ಎಂದು ಬಂತು.
ಮತ್ತೊಂದು: ನಾನೂ ಮೆಟ್ಟಿಲ ಮೇಲೆ.

ಒಳಗೆ ಹೋದೆ. ಇನ್ನೂ ಅಳುತ್ತಲೇ ಇದ್ದಳು,
ಕೆಂಪಗೆ, ಬೆವೆತು, ಇಡಿಯಾಗಿ.
ಎತ್ತಿಕೊಂಡೆ. ಕೈ ಕೈಯಾಗಿತ್ತು.

ಮುಂದಿನ ಮಂಗಳವಾರ ಗ್ಲೆನಿಸ್ ಇರಲಿಲ್ಲ, ಮೊಣಕಾಲು ನೋವಂತೆ.
ನಾನೇ ಕೆಟಲ್ ಇಟ್ಟೆ.
ಡ್ವೇನ್ ಬಾಗಿಲಿಗೆ ಹಲಗೆ ಬಡಿದನಂತೆ,
ಬಣ್ಣ ಇನ್ನೂ ಹೊಂದುತ್ತಿಲ್ಲ ಎಂದ.
ಬಾಗಿಲ ಬಳಿ ಯಾರೋ ಹೊಸಬಳು,
ನೆನೆದ ತಳ್ಳುಗಾಡಿ, ಒಳಗೂ ಅಲ್ಲ ಹೊರಗೂ ಅಲ್ಲ.
ಸಕ್ಕರೆ ಎಷ್ಟು, ಎಂದೆ.